ಮಟಮಾರಿಯ ಹಾದಿಯಲ್ಲಿ ಬ್ಯಾಟರಿ ಮಿಸ್ತ್ರಿಯ ವಿದ್ಯೆ

ಕೃಷ್ಣೆ ತುಂಗಭದ್ರೆಗಳ ನಡುವಣ ಎಡೆದೊರೆ ಸೀಮೆಯ ಚರಿತ್ರೆಯನ್ನು ಹೇಳಹೊರಟವರು 1520ರ ರಾಯಚೂರು ಕದನವನ್ನೂ ಕೋಟೆಯ ಕಲ್ಲುಗಳನ್ನೂ ಮೊದಲು ನೆನೆಯುವುದು ಸಹಜವೇ ಆಗಿದ್ದರೂ, ರಾಯಚೂರಿನಿಂದ ದಕ್ಷಿಣಕ್ಕೆ ಗುಂತಕಲ್ಲಿನ ಕಡೆಗೆ ಸಾಗುವ ರೈಲುಹಾದಿಯ ಮೇಲಿನ ಮಟಮಾರಿಯಂಥ ಊರುಗಳ ನಿತ್ಯಸಂಚಾರವನ್ನು ತಲೆಮಾರುಗಳ ಕಾಲ ನಡೆಯಿಸಿಕೊಂಡು ಬಂದ ಒಂದು ಕಸುಬು, ಎಂದರೆ ನಡುದಾರಿಯಲ್ಲಿ ಜೀವ ಕಳೆದುಕೊಂಡು ನಿಂತ ಮೋಟಾರಿನೊಳಗೆ ವಿದ್ಯುತ್ತು ಎಲ್ಲಿ ಕಡಿಯಿತೆಂದು ಅರಸಿ ಕಂಡುಹಿಡಿಯುವ ಕಸುಬು, ನಮ್ಮ ಚರಿತ್ರೆಯ ಪುಟಗಳಲ್ಲಿ ಸ್ಥಾನ ಪಡೆದುದು ಅಪೂರ್ವ. ಮುಂಬಯಿಯಿಂದ ಬಂದ ರೈಲುದಾರಿಯೂ ಮದರಾಸಿನಿಂದ ಬಂದ ರೈಲುದಾರಿಯೂ 1871ರಲ್ಲಿ ರಾಯಚೂರಿನಲ್ಲಿ ಕೂಡಿಕೊಂಡ ಮೇಲೆ ದೂರದ ಪಯಣ ಈ ಭಾಗದವರಿಗೆ ಸುಲಭವಾಯಿತು. ಆದರೆ ನಿಲ್ದಾಣದಿಂದ ಹೊಲಕ್ಕೆ, ಹೊಲದಿಂದ ಹತ್ತಿಯ ಪೇಟೆಗೆ, ಊರಿನಿಂದ ಆಸ್ಪತ್ರೆಗೆ ಹೋಗುವ ಸಣ್ಣ ದೂರಗಳು ಎತ್ತಿನ ಬಂಡಿಯ ಪಾಲಿಗೇ ಬಹುಕಾಲ ಉಳಿದವು. ಆ ದೂರಗಳನ್ನು ಮೋಟಾರು ವಹಿಸಿಕೊಂಡಾಗಲೇ ನಾನು ಹೇಳುವ ವಿದ್ಯೆಗೆ ಇಲ್ಲಿ ಕೆಲಸ ಬಿದ್ದಿತು.

ಮೋಟಾರು ವಾಹನದ ಬಾಲ್ಯದಲ್ಲಿ ಇಂಥ ವಿದ್ಯೆಗೆ ಅವಕಾಶವೇ ಅಲ್ಪವಾಗಿತ್ತು. ಕಿಡಿಯನ್ನು ಮ್ಯಾಗ್ನೆಟೋ ಒದಗಿಸುತ್ತಿತ್ತು. ದೀಪಗಳು ಎಣ್ಣೆಯಿಂದಲೋ ಕಾರ್ಬೈಡಿನ ಅನಿಲದಿಂದಲೋ ಉರಿಯುತ್ತಿದ್ದವು. ಎಂಜಿನ್ನನ್ನು ಎಬ್ಬಿಸಲು ಹ್ಯಾಂಡಲು ತಿರುವುವವನ ತೋಳಬಲ ಸಾಕಾಗಿತ್ತು. ಸೀಸ ಮತ್ತು ಗಂಧಕಾಮ್ಲಗಳ ಬ್ಯಾಟರಿಯನ್ನು ಫ್ರಾನ್ಸಿನ ಗಸ್ತೋನ್ ಪ್ಲಾಂಟೆ 1859ರಷ್ಟು ಹಿಂದೆಯೇ ನಿರ್ಮಿಸಿದ್ದರೂ ಅದು ಕಾರಿನ ಬೇರ್ಪಡಿಸಲಾಗದ ಅಂಗವಾದುದು, 1912ರ ಕ್ಯಾಡಿಲಾಕ್ ಕಾರಿನಲ್ಲಿ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಸ್ಟಾರ್ಟರು, ದೀಪ, ಕಿಡಿ ಮೂರೂ ಒಂದೇ ವಿದ್ಯುತ್ ವ್ಯವಸ್ಥೆಗೆ ಸೇರಿದ ಮೇಲೆ. ಅಂದು ಮನುಷ್ಯನಿಗೆ ಹ್ಯಾಂಡಲಿನ ಶ್ರಮ ತಪ್ಪಿತು. ಅಂದಿನಿಂದಲೇ ತಂತಿಯೊಂದು ಸಡಿಲವಾದರೆ ಇಡೀ ವಾಹನ ನಿಶ್ಚೇಷ್ಟಿತವಾಗುವ ಪರಾಧೀನತೆಯೂ ಆರಂಭವಾಯಿತು.

ರಾಯಚೂರು ಆಗ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ಸಂಸ್ಥಾನದ ರೈಲ್ವೆಯ ಅಂಗವಾಗಿಯೇ 1932ರ ಜೂನಿನಲ್ಲಿ 27 ವಾಹನಗಳೊಡನೆ ಸರ್ಕಾರಿ ಬಸ್ಸುಗಳ ಇಲಾಖೆ ಆರಂಭವಾಯಿತು. 1956ರಲ್ಲಿ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿತು. ರಾಜ್ಯ ಬದಲಾದರೂ ಗ್ಯಾರೇಜಿನ ಸಂಪ್ರದಾಯ ಬದಲಾಗಲಿಲ್ಲ. ಹೈದರಾಬಾದ್ ಕರ್ನಾಟಕದ ಗ್ಯಾರೇಜುಗಳಲ್ಲಿ ಕನ್ನಡ, ಉರ್ದು, ತೆಲುಗು ಮೂರೂ ಕೂಡಿದ ಮಾತಿನಲ್ಲಿ ಉಸ್ತಾದನು ಹೇಳಿದುದನ್ನು ಹುಡುಗನು ಕೈಯಿಂದ ಮಾಡಿ ಕಲಿಯುವುದೇ ಪಾಠಕ್ರಮವಾಗಿದ್ದಿತು. ಪುಸ್ತಕವಿಲ್ಲದೆ, ಪರೀಕ್ಷೆಯಿಲ್ಲದೆ ಬೆಳೆದ ಈ ವಿದ್ಯೆಯನ್ನು ಕೇವಲ ರೂಢಿಯೆಂದು ಉಪೇಕ್ಷಿಸುವುದು ಅನ್ಯಾಯವೆಂದು ನನ್ನ ದೃಢವಾದ ಅಭಿಪ್ರಾಯ. ಏಕೆಂದರೆ ಅದರ ಅಂತರಂಗದಲ್ಲಿ ಕಟ್ಟುನಿಟ್ಟಾದ ತರ್ಕವಿತ್ತು.

ಆ ತರ್ಕದ ಮೂಲಸೂತ್ರವಿಷ್ಟೆ. ಬ್ಯಾಟರಿಯೆಂಬುದು ನಮ್ಮ ಜೋಳದ ಹಗೇವಿನಂತೆ ಕೂಡಿಟ್ಟ ಸಂಗ್ರಹ ಮಾತ್ರ. ಎಂಜಿನ್ನು ಓಡುತ್ತಿರುವಾಗ ವಾಹನದ ಹೊಟ್ಟೆ ತುಂಬಿಸಿ, ಖರ್ಚಾದ ಸಂಗ್ರಹವನ್ನು ಮತ್ತೆ ಭರ್ತಿ ಮಾಡುವ ದುಡಿಮೆ ಡೈನಮೋವಿನದು. ಆದುದರಿಂದ ಓಡುತ್ತಿದ್ದ ಕಾರಿನ ಫಲಕದಲ್ಲಿ ಕೆಂಪು ದೀಪ ಹೊತ್ತಿತೆಂದರೆ ಮೊದಲ ಸಂಶಯ ಹೋಗಬೇಕಾದುದು ಬ್ಯಾಟರಿಯ ಮೇಲಲ್ಲ, ಅದಕ್ಕೆ ಉಣಿಸು ತರಬೇಕಾದ ಡೈನಮೋ, ಬೆಲ್ಟು, ಡೈನಮೋವನ್ನು ಬ್ಯಾಟರಿಗೆ ಕೂಡಿಸಿ ಬಿಡಿಸುವ ಕಟೌಟು, ಕಾರ್ಬನ್ನುಗಳೆಂಬ ಬ್ರಷ್ಷುಗಳ ಮೇಲೆ. ದೀಪದ ರಚನೆಯೇ ಇದಕ್ಕೆ ಸಾಕ್ಷಿ. ಅದರ ಒಂದು ತುದಿ ಬ್ಯಾಟರಿಯ ಕಡೆಗೂ ಇನ್ನೊಂದು ತುದಿ ಡೈನಮೋವಿನ ಕಡೆಗೂ ಜೋಡಿಸಲ್ಪಟ್ಟಿರುವುದು. ಎರಡೂ ಕಡೆಯ ವೋಲ್ಟು ಸಮವಾದಾಗ ಅದರೊಳಗೆ ಪ್ರವಾಹವಿರದೆ ಆರುವುದು. ಡೈನಮೋ ಸೋತಾಗ ಬ್ಯಾಟರಿಯ ಕಡೆಯಿಂದ ಪ್ರವಾಹ ಹರಿದು ಉರಿಯುವುದು. ಹಳೆಯ ಜೀಪುಗಳಲ್ಲಿ ಈ ದೀಪದ ಕೆಲಸವನ್ನು ಅಮ್ಮೀಟರಿನ ಮುಳ್ಳು ಮಾಡುತ್ತಿತ್ತು. ಅದು ಋಣದ ಕಡೆಗೆ ವಾಲಿದರೆ ಸಂಗ್ರಹ ಕರಗುತ್ತಿದೆಯೆಂದು ಚಾಲಕನಿಗೆ ಆಗಲೇ ತಿಳಿಯುತ್ತಿತ್ತು.

ಅಂದಿನ ಬ್ಯಾಟರಿಯೂ ಪರೀಕ್ಷೆಗೆ ಒಡ್ಡಿಕೊಳ್ಳುವಂಥದಾಗಿತ್ತು. ಗಟ್ಟಿ ರಬ್ಬರಿನ ಕಪ್ಪು ಪೆಟ್ಟಿಗೆ, ಮೇಲೆ ಡಾಂಬರಿನಂಥ ಮೇಣದ ಮುದ್ರೆ, ಸೆಲ್ಲಿನಿಂದ ಸೆಲ್ಲಿಗೆ ಹೊರಗೇ ಕಾಣುವ ಸೀಸದ ಪಟ್ಟಿಗಳು: ಹೀಗಿದ್ದುದರಿಂದ ಎರಡು ಮೊನೆಗಳ ಟೆಸ್ಟರನ್ನು ಒಂದೊಂದು ಸೆಲ್ಲಿಗೂ ಒತ್ತಿ, ಭಾರ ಬಿದ್ದಾಗ ಯಾವುದು ಎರಡು ವೋಲ್ಟಿನ ಸಮೀಪ ನಿಲ್ಲುವುದು, ಯಾವುದು ಕುಸಿಯುವುದು ಎಂದು ಪ್ರತ್ಯೇಕವಾಗಿ ನೋಡಬಹುದಾಗಿತ್ತು. ಹೈಡ್ರೋಮೀಟರಿನ ಗಾಜಿನ ನಳಿಕೆಗೆ ಆಮ್ಲವನ್ನು ಎಳೆದಾಗ ತೇಲುವ ಮಾಪಕವು 1.280ರ ಸುಮಾರಿಗೆ ನಿಂತರೆ ಸೆಲ್ಲು ಪೂರ್ಣವೆಂದೂ, 1.120ರ ಸುಮಾರಿಗೆ ಇಳಿದರೆ ಬರಿದಾಯಿತೆಂದೂ ತಿಳಿಯುತ್ತಿತ್ತು; ಆರು ಸೆಲ್ಲುಗಳಲ್ಲಿ ಐದು ಸಮವಾಗಿದ್ದು ಒಂದು ಮಾತ್ರ ಹಿಂದೆ ಬಿದ್ದರೆ ದೋಷ ಬ್ಯಾಟರಿಯೊಳಗಿನದು, ಆರೂ ಒಟ್ಟಿಗೆ ಇಳಿದಿದ್ದರೆ ದೋಷ ಚಾರ್ಜಿನದು. ಈ ಒಂದು ವಿವೇಚನೆಯಲ್ಲಿ ಅಡಗಿರುವ ಬುದ್ಧಿಸೌಷ್ಠವವನ್ನು ನಾನು ಎಷ್ಟು ಹೊಗಳಿದರೂ ಸಾಲದು. ಕೆಟ್ಟ ಸೆಲ್ಲನ್ನು ಬಿಚ್ಚಿ, ಪ್ಲೇಟು ಬದಲಿಸಿ, ಮೇಣ ಕಾಯಿಸಿ ಮುಚ್ಚುವ ರಿಪೇರಿಯೂ ಅಂದು ಸಾಧ್ಯವಿತ್ತು. ಪ್ಲಾಸ್ಟಿಕ್ಕಿನ ಬೆಸೆದ ಪೆಟ್ಟಿಗೆ ಬಂದ ಮೇಲೆ ಪಟ್ಟಿಗಳು ಒಳಗೆ ಸೇರಿದವು. ಒಂದೊಂದು ಸೆಲ್ಲನ್ನು ಮೊನೆಯಿಂದ ಮುಟ್ಟಿ ಕೇಳುವ ಪದ್ಧತಿ ಅಲ್ಲಿಗೆ ಮುಗಿಯಿತು.

ಡೈನಮೋವಿನ ಸ್ಥಾನಕ್ಕೆ ಆಲ್ಟರ್ನೇಟರು ಬಂದುದು ಇದಕ್ಕಿಂತಲೂ ದೊಡ್ಡ ಪಲ್ಲಟ. ಸಿಲಿಕಾನ್ ಡಯೋಡುಗಳ ನೆರವಿನಿಂದ 1960ರ ಸುಮಾರಿಗೆ ಅಮೆರಿಕದ ಕ್ರೈಸ್ಲರ್ ಕಾರುಗಳಲ್ಲಿ ಆರಂಭವಾದ ಈ ಯಂತ್ರವು, 1983ರ ಡಿಸೆಂಬರಿನಲ್ಲಿ ಹೊರಬಂದ ಮಾರುತಿ 800ರ ತರುವಾಯ ನಮ್ಮ ಸಣ್ಣ ಊರುಗಳ ಕಾರುಗಳಲ್ಲಿಯೂ ಸಾಮಾನ್ಯವಾಯಿತು. ಒಂದೇ ಲಕ್ಷಣದ ಅರ್ಥ ಆಗ ತಲೆಕೆಳಗಾಯಿತು. ನಿಧಾನಗತಿಯಲ್ಲಿ ಡೈನಮೋ ಸಾಕಷ್ಟು ವಿದ್ಯುತ್ತು ಕೊಡಲಾರದು. ಆದಕಾರಣ ನಿಂತ ಕಾರಿನಲ್ಲಿ ಕೆಂಪು ದೀಪ ಮಂದವಾಗಿ ಮಿನುಗಿ, ವೇಗ ಕೊಟ್ಟೊಡನೆ ಆರಿದರೆ ಹಳೆಯ ಚಾಲಕನು ನಿಶ್ಚಿಂತನಾಗಿರುತ್ತಿದ್ದನು. ಆಲ್ಟರ್ನೇಟರಾದರೋ ನಿಧಾನದಲ್ಲಿಯೂ ಚಾರ್ಜು ಮಾಡುವುದರಿಂದ ಅಂಥ ಮಿನುಗು ಡಯೋಡೋ ಕಾರ್ಬನ್ನೋ ಕೆಟ್ಟಿರುವ ಸೂಚನೆ. ಮತ್ತೊಂದು ಹಳೆಯ ಅಭ್ಯಾಸ, ಎಂಜಿನ್ನು ಓಡುವಾಗಲೇ ಬ್ಯಾಟರಿಯ ಟರ್ಮಿನಲನ್ನು ಕಿತ್ತು ‘ಚಾರ್ಜು ಬರುತ್ತಿದೆಯೇ’ ಎಂದು ನೋಡುವುದು, ಈ ಹೊಸ ಯಂತ್ರದಲ್ಲಿ ವೋಲ್ಟನ್ನು ಒಮ್ಮೆಲೇ ಏರಿಸಿ ಡಯೋಡುಗಳನ್ನೂ, ಮುಂದೆ ಬಂದ ಕಂಪ್ಯೂಟರುಗಳನ್ನೂ ಸುಡಬಲ್ಲುದು. ಇಂದಿಗೂ ಆ ಅಭ್ಯಾಸವನ್ನು ಬಿಡದವರಿದ್ದಾರೆ, ಅವರು ಬಿಡಲೇಬೇಕು.

ರಾಯಚೂರು ಸೀಮೆಯ ಬಿಸಿಲು ಈ ಕಥೆಯಲ್ಲಿ ಸಾಮಾನ್ಯ ಪಾತ್ರವಲ್ಲ. ಬೇಸಗೆಯಲ್ಲಿ 40 ಡಿಗ್ರಿ ಮೀರುವ ಉಷ್ಣವು ಬಾನೆಟ್ಟಿನ ಅಡಿಯಲ್ಲಿ ಇನ್ನೂ ಏರಿ, ಬ್ಯಾಟರಿಯ ನೀರನ್ನು ಹೀರಿ, ಧನ ಪ್ಲೇಟುಗಳ ಸೀಸದ ಚೌಕಟ್ಟನ್ನು ಬೇಗ ಕೊರೆಯಿಸುವುದು. ಚಳಿಯೇ ಬ್ಯಾಟರಿಯ ಶತ್ರುವೆಂದು ಶೀತದೇಶದ ಪುಸ್ತಕಗಳನ್ನು ಓದಿ ನಂಬಿದವರು ಇಲ್ಲಿ ಮೋಸಹೋಗುವರು. ನಮ್ಮಲ್ಲಿ ಬ್ಯಾಟರಿಯ ಆಯುಷ್ಯವನ್ನು ತಿನ್ನುವುದು ಬೇಸಗೆಯೇ.

ಇನ್ನು ವಾಹನವು ಹಠಾತ್ತನೆ ಶಕ್ತಿ ಕಳೆದುಕೊಂಡಾಗ ಉಸ್ತಾದರು ಮೊದಲು ಕೇಳುತ್ತಿದ್ದ ಪ್ರಶ್ನೆ: ಮೆಲ್ಲಗೆ ಆರಿತೋ, ಒಮ್ಮೆಗೇ ಸತ್ತಿತೋ? ದೀಪಗಳು ಕ್ರಮೇಣ ಮಂಕಾಗಿ, ಹಾರನ್ನಿನ ದನಿ ಕುಗ್ಗಿ, ಕೊನೆಗೆ ಕಿಡಿಯೂ ಬತ್ತಿದ್ದರೆ ಅದು ಚಾರ್ಜು ನಿಂತು ಸಂಗ್ರಹ ಬರಿದಾದ ಕಥೆ. ಎಲ್ಲವೂ ಒಂದು ಕ್ಷಣದಲ್ಲಿ ಕತ್ತಲಾಗಿದ್ದರೆ ಪ್ರವಾಹದ ದಾರಿಯೇ ಕಡಿದಿರಬೇಕು: ಟರ್ಮಿನಲ್ಲು ಸಡಿಲ, ಅರ್ಥಿನ ಪಟ್ಟಿ ತುಂಡು, ದೊಡ್ಡ ಫ್ಯೂಸು ಕರಗಿದೆ, ಅಥವಾ ಬ್ಯಾಟರಿಯೊಳಗೆ ಕೊಂಡಿ ಮುರಿದಿದೆ. ಹೆಡ್‌ಲೈಟು ಹಾಕಿ ಸೆಲ್ಫ್, ಎಂದರೆ ಸ್ಟಾರ್ಟರು, ಹೊಡೆದಾಗ ದೀಪ ತೀರ ಕುಸಿದರೆ ಬ್ಯಾಟರಿ ದುರ್ಬಲ ಅಥವಾ ಕೂಡಿಕೆಯಲ್ಲಿ ತುಕ್ಕು. ದೀಪ ಸ್ವಲ್ಪವೂ ಕುಂದದೆ ಸೆಲ್ಫ್ ಮೌನವಾಗಿದ್ದರೆ ಪ್ರವಾಹವು ಸೆಲ್ಫಿನಲ್ಲಿ ಹರಿಯುತ್ತಲೇ ಇಲ್ಲ. ಕೂಡಿಕೆಯ ಮೇಲೆ ಬೆಳೆದ ಬಿಳಿ ಹಸುರು ಪುಡಿಯನ್ನು ಬಿಸಿನೀರಿನಿಂದ ತೊಳೆದು, ಬಿಗಿದು, ವ್ಯಾಸಲೀನು ಸವರಿದ ಮಾತ್ರಕ್ಕೆ ಎದ್ದು ನಡೆದ ವಾಹನಗಳಿಗೆ ಲೆಕ್ಕವಿಲ್ಲ.

ಈಚಿನ ಕಾರುಗಳಲ್ಲಿ ಈ ಪ್ರಶ್ನಕ್ರಮಕ್ಕೆ ಹೊಸ ತೊಡಕು ಸೇರಿದೆ. ವೋಲ್ಟು ಕುಸಿದೊಡನೆ ಸ್ಟಿಯರಿಂಗು, ಬ್ರೇಕು, ಎಂಜಿನ್ನು ಇವುಗಳನ್ನು ಆಳುವ ಕಂಪ್ಯೂಟರುಗಳೆಲ್ಲ ತಾವು ರೋಗಿಗಳೆಂಬಂತೆ ಒಂದೊಂದು ದೀಪ ಹೊತ್ತಿಸುವುದರಿಂದ, ಮೂಲದೋಷ ಒಂದೇ ಆದರೂ ಫಲಕದ ತುಂಬ ಎಚ್ಚರಿಕೆಗಳು ತುಂಬಿಕೊಳ್ಳುವುವು. 2010ರಿಂದ ಭಾರತದಲ್ಲಿ ಕಡ್ಡಾಯವಾಗುತ್ತ ಬಂದ ಸ್ವಯಂ ರೋಗನಿದಾನ ವ್ಯವಸ್ಥೆಯ ಕಾರಣ, ಸ್ಕ್ಯಾನರು ಜೋಡಿಸಿದರೆ ‘ಪಿ 0562’ ಎಂಬ ಸಂಕೇತ ಕಾಣಿಸಬಹುದು; ವಿದ್ಯುತ್ತಿನ ವೋಲ್ಟು ಕಡಿಮೆಯೆಂದು ಅದರ ತಾತ್ಪರ್ಯ. ಏಕೆ ಕಡಿಮೆಯೆಂದು ಸ್ಕ್ಯಾನರು ಹೇಳದು. ಅದನ್ನು ಹೇಳಲು ಮತ್ತೆ ಆ ಹಳೆಯ ಕ್ರಮವೇ ಬೇಕು: ನಿಂತಾಗ ಸುಮಾರು 12.6 ವೋಲ್ಟು ಇದೆಯೇ, ಸೆಲ್ಫ್ ಹೊಡೆಯುವಾಗ 10ಕ್ಕಿಂತ ಕೆಳಗೆ ಇಳಿಯುವುದೇ, ಎಂಜಿನ್ನು ಓಡುವಾಗ 13.8ರಿಂದ 14.4ರ ವರೆಗೆ ಏರುವುದೇ. ಆಲ್ಟರ್ನೇಟರನ್ನು ಕಂಪ್ಯೂಟರೇ ನಿಯಂತ್ರಿಸುವ ಕೆಲವು ಹೊಸ ಕಾರುಗಳಲ್ಲಿ ಈ ಕೊನೆಯ ಅಂಕಿ ಬೇಕೆಂದೇ ತಗ್ಗಿರಬಹುದು. ಅಂಥಲ್ಲಿ ಅವಸರದ ತೀರ್ಪು ಸಲ್ಲದು.

ಈ ಕಸುಬಿನ ಒಂದು ಕರಾಳ ಮುಖವನ್ನು ಮುಚ್ಚಿಡುವುದು ತರವಲ್ಲ. ಹಳೆಯ ಪ್ಲೇಟುಗಳನ್ನು ಬಯಲಿನಲ್ಲಿ ಕರಗಿಸಿದ ಸೀಸದ ಹೊಗೆಯನ್ನು ಉಸಿರಾಡಿದವರು, ನೆಲಕ್ಕೆ ಚೆಲ್ಲಿದ ಆಮ್ಲದ ಮೇಲೆ ಬರಿಗಾಲಿನಲ್ಲಿ ನಡೆದವರು ಗ್ಯಾರೇಜಿನ ಎಳೆಯ ಹುಡುಗರೇ. ಹಳೆಯ ಬ್ಯಾಟರಿಯನ್ನು ಮಾರಾಟಗಾರರು ಹಿಂದೆ ಪಡೆಯಬೇಕೆಂಬ ನಿಯಮ ಬಂದುದು 2001ರಲ್ಲಿ. 2022ರ ನಿಯಮಗಳು ತಯಾರಕರ ಹೊಣೆಯನ್ನು ಹೆಚ್ಚಿಸಿದವು.

ರಾಯಚೂರು, ಮಾನ್ವಿ, ದೇವದುರ್ಗಗಳ ಹಾದಿಯಲ್ಲಿ ವಾಹನ ನಡೆಯಿಸುವ ಓದುಗರಲ್ಲಿ ನನ್ನ ವಿಜ್ಞಾಪನೆಯಿದು: ಕೆಂಪು ದೀಪ ಹೊತ್ತಿದೊಡನೆ ಏಸಿಯನ್ನೂ ಬೇಡದ ಭಾರಗಳನ್ನೂ ಆರಿಸಿರಿ, ಸುರಕ್ಷಿತ ಸ್ಥಳದಲ್ಲಿ ನಿಂತು ಬೆಲ್ಟು ಇದೆಯೇ ಎಂದು ನೋಡಿರಿ, ಬೆಲ್ಟು ಕಡಿದಿದ್ದರೆ, ಎಷ್ಟೋ ಕಾರುಗಳಲ್ಲಿ ಅದೇ ಬೆಲ್ಟು ನೀರಿನ ಪಂಪನ್ನೂ ತಿರುವುವುದರಿಂದ, ಎಂಜಿನ್ನನ್ನು ಮತ್ತೆ ಓಡಿಸಬೇಡಿರಿ. ಚಾರ್ಜಿನ ವೋಲ್ಟನ್ನು ಅಳೆಯಿಸದೆ ಹೊಸ ಬ್ಯಾಟರಿಯನ್ನು ಕೊಳ್ಳಬೇಡಿರಿ. ಕೊಂಡಾಗ ಹಳೆಯದನ್ನು ಗುಜರಿಯವನಿಗೆ ಕೊಡದೆ ಅಂಗಡಿಗೇ ಹಿಂದಿರುಗಿಸಿರಿ.