ಹೊಸ ಉಳಿ ಕೆತ್ತುತ್ತಿಲ್ವಾ? ಅಂಗಡಿಗೆ ವಾಪಸ್ ಕೊಡೋ ಮುಂಚೆ ಮಸೆದು ನೋಡಿ

ದೇವರ ಮನೆ ಬಾಗಿಲಿಗೆ ಒಂದು ಬಳ್ಳಿ, ತಲೆಬಾಗಿಲಿಗೆ ಒಂದು ಹೂವು ತಾವೇ ಕೆತ್ತಬೇಕು ಅನ್ನೋ ಆಸೆಯಿಂದ ಉಳಿ ಸೆಟ್ ತರೋರು ವಿಜಯನಗರ, ಬಸವೇಶ್ವರನಗರದ ಕಡೆ ಇದ್ದಾರೆ. ಎರಡೇ ದಿನಕ್ಕೆ "ಮಾಲು ಸರಿ ಇಲ್ಲ" ಅಂತ ಅಂಗಡಿಗೆ ವಾಪಸ್. ತಂದವರಿಗೆ ಬೇಜಾರು, ಅಂಗಡಿಯವರಿಗೆ ನಷ್ಟ. ಆದರೆ ಎಷ್ಟೋ ಸಲ ತಪ್ಪು ಕಬ್ಬಿಣದ್ದಲ್ಲ. ಕಡಿಮೆ ಬೆಲೆಯ ಉಳಿಗಳಿಗೆ ಕಾರ್ಖಾನೆಯಲ್ಲಿ ಯಂತ್ರದ ಸಾಣೆ ಮಾತ್ರ ಆಗಿರುತ್ತೆ. ಕೊನೆಯ ಮಸೆತ ಕೊಂಡವರ ಕೆಲಸ.

ಅಂಗಡಿಯಲ್ಲೇ ನೋಡಬೇಕಾದ್ದು

ಉಳಿಯ ಬಾಯನ್ನು ಬೆಳಕಿಗೆ ಹಿಡಿದು ನೇರವಾಗಿ ನೋಡಿ. ಅಂಚಿನಲ್ಲಿ ಬಿಳಿ ಗೆರೆ ಹೊಳೆದರೆ ಅಲ್ಲಿ ಮೊಂಡು. ಹರಿತವಾದ ಅಂಚು ಬೆಳಕಿಗೆ ಕಾಣೋದೇ ಇಲ್ಲ. ಹಿಡಿ ನೇರ ಇದೆಯಾ, ಅಲ್ಲಾಡುತ್ತಾ ನೋಡಿ. ಅರ್ಧಚಂದ್ರದ ಉಳಿಯಲ್ಲಿ ಎರಡೂ ಕಡೆ ದಪ್ಪ ಒಂದೇ ಸಮ ಇರಬೇಕು. ಮೊಂಡುತನ ಮನೆಯಲ್ಲೇ ಸರಿ ಮಾಡಬಹುದು, ಆದರೆ ಸೊಟ್ಟ ಉಳಿ ತರಬೇಡಿ.

ಮರದ ಮೇಲೆ ಪರೀಕ್ಷೆ

ಹರಿತ ನೋಡೋಕೆ ಹೆಬ್ಬೆರಳು ಸವರಬೇಡಿ. ಪ್ಯಾಕಿಂಗ್ ಪೆಟ್ಟಿಗೆಯ ಪೈನ್ ತುಂಡು ಸಾಕು. ಅದನ್ನು ಕಟ್ಟಿ ಭದ್ರ ಮಾಡಿ, ಎರಡೂ ಕೈ ಉಳಿಯ ಬಾಯಿಯ ಹಿಂದೆಯೇ ಇಟ್ಟು, ಮರದ ಎಳೆಗೆ ಅಡ್ಡವಾಗಿ ತಳ್ಳಿ. ಮೆತ್ತನೆ ಮರ ಮೊಂಡು ಉಳಿಗೆ ಕತ್ತರಿಸಿಕೊಳ್ಳಲ್ಲ, ನಜ್ಜಾಗುತ್ತೆ. ಕೆತ್ತಿದ ಜಾಗ ಹೊಳೆದರೆ ಉಳಿ ಸರಿ ಇದೆ. ಬಿಳಿ ಗೀರು ಬಂದರೆ ಅಂಚಿನಲ್ಲಿ ಹಲ್ಲು ಬಿದ್ದಿದೆ.

ಮಸೆಯೋ ಕ್ರಮ

ಕೆತ್ತನೆ ಉಳಿಗೆ 20ರಿಂದ 25 ಡಿಗ್ರಿ ಇಳಿಜಾರು ಸಾಮಾನ್ಯ. ಅಳತೆ ಸುಲಭ: ಇಳಿಜಾರಿನ ಉದ್ದ ಉಳಿಯ ದಪ್ಪದ ಎರಡೂವರೆ ಪಟ್ಟು ಇದ್ದರೆ ಸುಮಾರು 24 ಡಿಗ್ರಿ. ಎರಡು ಪಟ್ಟು ಇದ್ದರೆ 30 ಡಿಗ್ರಿ. ಬೀಟೆಯಂಥ ಗಟ್ಟಿ ಮರಕ್ಕೆ ಕೋನ ಸ್ವಲ್ಪ ಜಾಸ್ತಿ ಇರಲಿ, ಇಲ್ಲದಿದ್ದರೆ ಅಂಚು ಮುರಿಯುತ್ತೆ.

1. ಎಣ್ಣೆ ಹಾಕಿದ ಸಾಣೆಕಲ್ಲಿನ ಒರಟು ಬದಿಯಲ್ಲಿ ಶುರು ಮಾಡಿ. ಅಂಚಿನ ಹಿಂಬದಿಗೆ ಸಣ್ಣ ಮುಳ್ಳಿನಂತೆ ಲೋಹ ಮಡಚಿಕೊಂಡಿದ್ದು ಕೈಗೆ ತಗುಲೋವರೆಗೂ ಉಜ್ಜಿ.
2. ಆಮೇಲೆ ನುಣುಪು ಬದಿ. ಕಲ್ಲು ಇಲ್ಲದಿದ್ದರೆ ಗಾಜಿನ ಮೇಲೆ ವಾಟರ್ ಪೇಪರ್ ಅಂಟಿಸಿ 400, 800, 1200, 2000 ನಂಬರ್ ಸಾಲಾಗಿ ಬಳಸಿ.
3. ಅರ್ಧಚಂದ್ರದ ಉಳಿಯನ್ನು ಒಂದು ತುದಿಯಿಂದ ಇನ್ನೊಂದಕ್ಕೆ ಹೊರಳಿಸುತ್ತಾ ಉಜ್ಜಿ. ಒಳಗಿನ ಮುಳ್ಳು ತೆಗೆಯೋಕೆ ದುಂಡು ಕಡ್ಡಿಗೆ ಪೇಪರ್ ಸುತ್ತಿಕೊಳ್ಳಿ.
4. ಕೊನೆಗೆ ಹಳೇ ಚರ್ಮದ ಬೆಲ್ಟಿಗೆ ಪಾಲಿಶ್ ಸವರಿ ಹಿಂದಕ್ಕೆ ಮಾತ್ರ ಎಳೆಯಿರಿ. ಮುಂದಕ್ಕೆ ತಳ್ಳಿದರೆ ಬೆಲ್ಟ್ ಕತ್ತರಿಸುತ್ತೆ.

ತೇಗದಲ್ಲಿ ಮರಳಿನ ಅಂಶ ಇರೋದರಿಂದ ಉಳಿ ಬೇಗ ಮೊಂಡಾಗುತ್ತೆ. ಕೆಲಸದ ಮಧ್ಯೆ ಬೆಲ್ಟಿಗೆ ಉಜ್ಜುತ್ತಿದ್ದರೆ ಮತ್ತೆ ಮತ್ತೆ ಕಲ್ಲು ಹಿಡಿಯೋದು ತಪ್ಪುತ್ತೆ.

ಗ್ರೈಂಡರ್ ಬಗ್ಗೆ ಎಚ್ಚರ

ಇದು ನನ್ನ ಕೈಯಾರೆ ಆದ ತಪ್ಪು. ಪಕ್ಕದ ಬೀದಿ ಆಚಾರ್ರು ನಂಬಿ ಕೊಟ್ಟ ಉಳಿಯನ್ನ ಬೇಗ ಮುಗೀಲಿ ಅಂತ ಗ್ರೈಂಡರ್‌ಗೆ ಒತ್ತಿ ಹಿಡಿದೆ. ತುದಿ ನೀಲಿಯಾಯ್ತು. ಆಚಾರ್ರು ಬೈಲಿಲ್ಲ, "ಹದ ಹೋಯ್ತಲ್ಲ ಮಗ" ಅಂದ್ರು ಅಷ್ಟೇ. ಸಾಮಾನ್ಯ ಕಾರ್ಬನ್ ಉಕ್ಕು ಸುಮಾರು 300 ಡಿಗ್ರಿ ಸೆಲ್ಸಿಯಸ್ ಬಿಸಿಗೆ ನೀಲಿಯಾಗುತ್ತೆ, ಗಡಸು ಕಳೆದುಕೊಳ್ಳುತ್ತೆ. ಆ ಭಾಗ ಪೂರ್ತಿ ಸವೆಸೋದು, ಇಲ್ಲಾ ಮತ್ತೆ ಹದ ಹಾಕಿಸೋದು, ಎರಡೇ ದಾರಿ. ಗ್ರೈಂಡರ್ ಬಳಸಲೇಬೇಕಾದರೆ ಕಣ್ಣಿಗೆ ಕನ್ನಡಕ ಹಾಕಿ, ಹಗುರವಾಗಿ ತಾಗಿಸಿ, ಎರಡು ಮೂರು ಸೆಕೆಂಡಿಗೊಮ್ಮೆ ನೀರಿಗೆ ಅದ್ದಿ.

ಕಲಿಯೋಕೆ ಎಲ್ಲಿ ಹೋಗಬಹುದು

ಕೆಂಗೇರಿ ದಾಟಿ ಮೈಸೂರು ರಸ್ತೆಯಲ್ಲಿ ಹೋದರೆ ಬಿಡದಿ ಹತ್ತಿರ ಜೋಗರದೊಡ್ಡಿಯಲ್ಲಿ ಕೆನರಾ ಬ್ಯಾಂಕ್ ನೆರವಿನ ಕುಶಲಕರ್ಮಿಗಳ ತರಬೇತಿ ಸಂಸ್ಥೆ ಇದೆ. ಅಲ್ಲಿ ಮರ ಕೆತ್ತನೆ, ಕಲ್ಲು ಕೆತ್ತನೆ ಕಲಿಸುತ್ತಾರೆ. ರಾಜಾಜಿನಗರದವರಿಗೆ ಹತ್ತಿರ ಅಂದರೆ ಮಲ್ಲೇಶ್ವರಂ 18ನೇ ಕ್ರಾಸ್‌ನ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ. ಅಲ್ಲಿ ಮರಗೆಲಸದ ಯಂತ್ರಗಳ ತರಬೇತಿ ಇದೆ. ಹೊರಡೋ ಮುಂಚೆ ವಿಚಾರಿಸಿಕೊಳ್ಳಿ.

ಅಂಗಡಿಯವರಿಗೆ ಒಂದು ಮಾತು: ಉಳಿ ಮಾರುವಾಗ ಜೊತೆಗೆ ಒಂದು ಸಾಣೆಕಲ್ಲು ತೋರಿಸಿ, "ಮಸೆದುಕೊಂಡು ಬಳಸಿ" ಅಂತ ಹೇಳಿ. ಮಾಲು ವಾಪಸ್ ಬರೋದು ಅರ್ಧ ಅಲ್ಲೇ ನಿಲ್ಲುತ್ತೆ.