ಐದು ಇಮಾಮಿಯ ಲೆಕ್ಕ

ಚನ್ನಪಟ್ಟಣ ತಾಲ್ಲೂಕಿನ ಅಕ್ಕೂರಿನ ಕಡೆಯ ರೇಷ್ಮೆ ಬೆಳೆಗಾರ ಗೂಡು ತುಂಬಿಕೊಂಡು ರಾಮನಗರದ ಮಾರುಕಟ್ಟೆಗೆ ಹೊರಟಾಗ ಅವನಿಗಿರುವ ಆತಂಕ ಒಂದೇ: ಮಾಲು ಬೇಗ ಮಾರಿಹೋಗಬೇಕು. ತಡವಾದರೆ ಚಿಟ್ಟೆ ಗೂಡನ್ನು ತೂತು ಮಾಡಿ ಹೊರಬರುತ್ತದೆ, ನೂಲು ಕೆಡುತ್ತದೆ. 2016ರ ನವೆಂಬರ್ 8ರ ರಾತ್ರಿ 500 ಮತ್ತು 1000 ರೂಪಾಯಿಯ ನೋಟುಗಳು ರದ್ದಾದಾಗಲೂ ಗೂಡು ಕಾಯುವಂತಿರಲಿಲ್ಲ. ಕೊಳ್ಳಬೇಕಾದ ರೀಲರುಗಳ ಕೈಯಲ್ಲಿ ಮಾತ್ರ ಚಲಾವಣೆಯ ಹಣವಿರಲಿಲ್ಲ. ಬೆಳೆಗಾರರಲ್ಲಿ ಹೆಚ್ಚಿನವರು ಒಕ್ಕಲಿಗರು, ರೀಲರುಗಳಲ್ಲಿ ಅನೇಕರು ಮುಸ್ಲಿಮರು. ಏಟು ಇಬ್ಬರಿಗೂ ಬಿತ್ತು.

ಸರ್ಕಾರದ ಹಣದ ಮೇಲೆ ಹೀಗೆ ನಂಬಿಕೆ ಅಲುಗಾಡಿದವರಿಗೆ ಬಿಟ್‌ಕಾಯಿನ್ ಹಿತವಾಗಿ ಕೇಳಿಸುತ್ತದೆ. ಅದಕ್ಕೆ ದೊರೆಯಿಲ್ಲ, ಬ್ಯಾಂಕಿಲ್ಲ, ಬಡವ ಬಲ್ಲಿದನೆಂಬ ಭೇದವಿಲ್ಲ ಎನ್ನುತ್ತಾರೆ. ಈ ಮಾತನ್ನು ತೂಗಿ ನೋಡಲು ನಮ್ಮ ನೆಲದಲ್ಲೇ ಒಂದು ಹಳೆಯ ತಕ್ಕಡಿ ಇದೆ.

1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಸುಲ್ತಾನರು ಅರ್ಧ ರಾಜ್ಯವನ್ನು ಕಳೆದುಕೊಂಡರು. 3 ಕೋಟಿ 30 ಲಕ್ಷ ರೂಪಾಯಿ ದಂಡವನ್ನೂ ಹೊತ್ತರು. ಖಜಾನೆಗೆ ಹಣ ಬೇಕಿತ್ತು. ಆಮೇಲೆ, 1793-94ರಲ್ಲಿ, ಅವರು ಹೊರಡಿಸಿದ ವ್ಯಾಪಾರ ನಿಯಮಗಳಲ್ಲಿ ಪ್ರಜೆಗಳೂ ಸರ್ಕಾರಿ ವ್ಯಾಪಾರದಲ್ಲಿ ಹಣ ತೊಡಗಿಸಲು ಅವಕಾಶವಿತ್ತು. ಇಮಾಮಿ ಎಂದರೆ ಟಿಪ್ಪುವಿನ ಬೆಳ್ಳಿ ರೂಪಾಯಿ. ಐದರಿಂದ ಐನೂರು ಇಮಾಮಿ ಇಟ್ಟವನಿಗೆ ವರ್ಷದ ಕೊನೆಗೆ ಶೇಕಡಾ 50 ಲಾಭ, ಐನೂರರಿಂದ ಐದು ಸಾವಿರ ಇಟ್ಟವನಿಗೆ 25, ಅದಕ್ಕೂ ಮೇಲ್ಪಟ್ಟವನಿಗೆ 12. ಸಣ್ಣ ಗಂಟಿನವನಿಗೆ ದೊಡ್ಡ ಪಾಲು!

ಇದನ್ನು ಓದಿ ಹಿಗ್ಗುವುದು ಸುಲಭ. ಆದರೆ ವರ್ಷಕ್ಕೆ ಶೇಕಡಾ 50 ಎಂಬ ಮಾತು ಕೇಳಿದೊಡನೆ ನಾವು ಎಚ್ಚರಗೊಳ್ಳಬೇಕು. 2019ರ ಜೂನ್‌ನಲ್ಲಿ ಬೆಂಗಳೂರಿನ ಐಎಂಎ ಕುಸಿದಾಗ ನಮ್ಮವರೇ ಸಾವಿರಾರು ಮಂದಿ ಬೀದಿಗೆ ಬಂದರು. ಬಡ್ಡಿಯಲ್ಲ, ಹಲಾಲ್ ಲಾಭ ಎಂದು ನಂಬಿ ಮಗಳ ಮದುವೆಯ ಹಣವನ್ನು, ನಿವೃತ್ತಿಯ ಹಣವನ್ನು ಕೊಟ್ಟವರು ಅವರು. ಟಿಪ್ಪುವಿನ ಯೋಜನೆಯ ಹಿಂದೆ ಗಂಧ, ಮೆಣಸಿನ ವ್ಯಾಪಾರವಿತ್ತು, ಮಸ್ಕತ್ತಿನವರೆಗೆ ಕೋಠಿಗಳಿದ್ದವು. ಆದರೂ ಅದು ಒಬ್ಬ ದೊರೆಯ ಮಾತು. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿದ್ದಾಗ ಆ ಮಾತನ್ನು ಉಳಿಸಿಕೊಳ್ಳಬೇಕಾದವರೇ ಇಲ್ಲವಾದರು.

ಹಾಗಾದರೆ ದೊರೆಯೇ ಇಲ್ಲದ ಹಣ ಮೇಲಲ್ಲವೇ? 2009ರ ಜನವರಿಯಲ್ಲಿ ಚಾಲನೆಗೆ ಬಂದ ಬಿಟ್‌ಕಾಯಿನ್‌ನ ನಿಯಮದ ಪ್ರಕಾರ ಒಟ್ಟು ನಾಣ್ಯಗಳು 2 ಕೋಟಿ 10 ಲಕ್ಷವನ್ನು ಮೀರುವಂತಿಲ್ಲ. ಮೊದಲು ಬಂದವರು ಅಗ್ಗಕ್ಕೆ ರಾಶಿ ಹಾಕಿಕೊಂಡರು. ಮಕರೋವ್ ಮತ್ತು ಶೋರ್ ಎಂಬ ಅರ್ಥಶಾಸ್ತ್ರಜ್ಞರು 2021ರಲ್ಲಿ ತೋರಿಸಿದಂತೆ, 2020ರ ಕೊನೆಗೆ ಸುಮಾರು 10 ಸಾವಿರ ಹೂಡಿಕೆದಾರರ ಬಳಿಯೇ ಸುಮಾರು 50 ಲಕ್ಷ ಬಿಟ್‌ಕಾಯಿನ್‌ಗಳಿದ್ದವು. ಆಗ ಚಲಾವಣೆಯಲ್ಲಿದ್ದುದರ ಕಾಲು ಭಾಗಕ್ಕಿಂತ ಇದು ಹೆಚ್ಚು. ದೊರೆ ಹೋದ, ಜಹಗೀರುದಾರರು ಉಳಿದರು.

ನಮ್ಮ ಸರ್ಕಾರದ ತಕ್ಕಡಿಯೂ ನೇರವಾಗಿಲ್ಲ. 2022ರಿಂದ ಕ್ರಿಪ್ಟೊ ಲಾಭಕ್ಕೆ ಶೇಕಡಾ 30 ತೆರಿಗೆ. ಕೋಟ್ಯಧೀಶನಿಗೂ ಅಷ್ಟೇ, ಗೂಡು ಮಾರಿದ ಹಣದಲ್ಲಿ ಹತ್ತು ಸಾವಿರ ಹಾಕಿದ ಹುಡುಗನಿಗೂ ಅಷ್ಟೇ. ಒಂದು ನಾಣ್ಯದಲ್ಲಾದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತೆಯೂ ಇಲ್ಲ. ಉಳ್ಳವನಿಗೆ ಇದು ಒಂದು ಖರ್ಚು, ಇಲ್ಲದವನಿಗೆ ಮುಂದಿನ ಬೆಳೆಯ ಬಂಡವಾಳ.

ಟಿಪ್ಪುವಿನ ಆ ನಿಯಮವನ್ನು ಇಂದು ಮತ್ತೆ ಜಾರಿಗೆ ತನ್ನಿ ಎಂದು ನಾವು ಹೇಳುತ್ತಿಲ್ಲ. ಆದರೆ ಅದರಲ್ಲಿದ್ದ ಒಂದು ಲೆಕ್ಕವನ್ನು ಮರೆಯಬಾರದು. ಯಾವುದೇ ಹೊಸ ಹಣ ನಮ್ಮ ಬಾಗಿಲಿಗೆ ಬಂದಾಗ ಎರಡು ಪ್ರಶ್ನೆ ಕೇಳೋಣ: ಐದು ಇಮಾಮಿ ಇಟ್ಟವನಿಗೆ ಇದರಲ್ಲಿ ಎಷ್ಟು ಪಾಲು? ಮುಳುಗಿದಾಗ ಮೊದಲು ಮುಳುಗುವವನು ಯಾರು? ಉತ್ತರ ಸಿಗುವ ತನಕ ಅಕ್ಕೂರಿನ ಬೆಳೆಗಾರನ ಗಂಟು ಅವನ ಮಡಿಲಲ್ಲೇ ಇರಲಿ.