ಚುಕ್ಕೆ ಇರುವ ಐ, ಚುಕ್ಕೆ ಇಲ್ಲದ ಐ

ಕನ್ನಡದಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಎಂಬ ಭೇದವೇ ಇಲ್ಲ. ಹಾಗಾಗಿ ಒಂದು ಚುಕ್ಕೆಯಿಂದ ಸಾಫ್ಟ್‌ವೇರ್ ಕೈಕೊಟ್ಟ ಕಥೆಯನ್ನು ನಾವು ಮೊದಲು ನಂಬಲಿಲ್ಲ.

1928ರ ನವೆಂಬರ್ 1ರಂದು ಟರ್ಕಿಯ ಸಂಸತ್ತು ಅರಬ್ಬಿ ಲಿಪಿ ಬಿಟ್ಟು, 29 ಅಕ್ಷರಗಳ ಹೊಸ ಲ್ಯಾಟಿನ್ ವರ್ಣಮಾಲೆಯನ್ನು ಒಪ್ಪಿತು. ಟರ್ಕಿಶ್‌ನಲ್ಲಿ ನಮ್ಮ 'ಇ'ಯಂಥ ಸ್ವರ ಒಂದು; ನಾಲಗೆ ಹಿಂದಕ್ಕೆಳೆದು, ತುಟಿ ದುಂಡಾಗಿಸದೆ ನುಡಿಯುವ ಸ್ವರ ಇನ್ನೊಂದು. ಮೊದಲನೆಯದಕ್ಕೆ ಚುಕ್ಕೆ ಇರುವ ಐ, ಎರಡನೆಯದಕ್ಕೆ ಚುಕ್ಕೆ ಇಲ್ಲದ ಐ. ಸಣ್ಣಕ್ಷರಕ್ಕೆ ಚುಕ್ಕೆ ಇದ್ದರೆ ದೊಡ್ಡಕ್ಷರಕ್ಕೂ ಉಂಟು. ಇಂಗ್ಲಿಷಿನ ಅರ್ಧಂಬರ್ಧ ಚುಕ್ಕೆಗಿಂತ ಇದೇ ಸರಿಯಾದ ಲೆಕ್ಕ ಅನ್ನಿಸುತ್ತದೆ ನಮಗೆ.

ಕಂಪ್ಯೂಟರಿನಲ್ಲಿ ಈ ನಾಲ್ಕು ರೂಪಗಳ ಪೈಕಿ ಎರಡಕ್ಕೆ ಇಂಗ್ಲಿಷಿನ ಸಂಕೇತಗಳೇ ಉಳಿದವು, ಇನ್ನೆರಡಕ್ಕೆ ಮಾತ್ರ ಹೊಸ ಸಂಕೇತ ಸಿಕ್ಕಿತು. ಯುನಿಕೋಡ್‌ನಲ್ಲೂ ಹಾಗೆಯೇ. ದೊಡ್ಡ ಐಯನ್ನು ಸಣ್ಣದು ಮಾಡು ಎಂದರೆ ಏನು ಮಾಡಬೇಕು? ಉತ್ತರ ಲೊಕೇಲ್, ಅಂದರೆ ಭಾಷೆ-ದೇಶದ ಸೆಟ್ಟಿಂಗ್, ಹೇಳಿದಂತೆ.

ಪಿಎಚ್‌ಪಿ ಎಡವಿದ್ದು ಇಲ್ಲೇ. ಅದರಲ್ಲಿ ಕ್ಲಾಸ್‌ಗಳ ಹೆಸರಿಗೆ ದೊಡ್ಡಕ್ಷರ-ಸಣ್ಣಕ್ಷರದ ಭೇದವಿಲ್ಲ. ಎಲ್ಲವನ್ನೂ ಸಣ್ಣಕ್ಷರಕ್ಕೆ ಇಳಿಸಿ ಹೋಲಿಸುತ್ತದೆ. 'ಇನ್ಫೋ' ಎಂಬ ಕ್ಲಾಸ್ ಇಂಗ್ಲಿಷ್ ನಿಯಮದಲ್ಲಿ ದಾಖಲಾಗಿರುತ್ತದೆ. ಆಮೇಲೆ ಪ್ರೋಗ್ರಾಂ ಟರ್ಕಿಶ್ ಲೊಕೇಲ್‌ಗೆ ಬದಲಾದರೆ ಅದೇ ಹೆಸರು ತಾಳೆಯಾಗದೆ 'ಅಂಥ ಕ್ಲಾಸ್ ಇಲ್ಲ' ಎಂಬ ದೂರು! ಬರೆದವರ ಯಂತ್ರದಲ್ಲಿ ಚೆನ್ನಾಗಿಯೇ ಓಡಿದ ಪ್ರೋಗ್ರಾಂ ಟರ್ಕಿಯ ಸರ್ವರ್‌ನಲ್ಲಿ ನಿಲ್ಲುತ್ತಿತ್ತು. ಬೆಂಗಳೂರಿನಲ್ಲಿ ಕೂತು ಇಂಗ್ಲಿಷ್, ಕನ್ನಡ ಎರಡರಲ್ಲೂ ಪರೀಕ್ಷಿಸಿದರೂ ಇದು ಸಿಕ್ಕುತ್ತಿರಲಿಲ್ಲ.

ದೂರು ದಾಖಲಾದದ್ದು 2002ರಲ್ಲಿ, ಸಂಖ್ಯೆ 18556. ಪರಿಹಾರ ಬಂದದ್ದು 2013ರ 5.5 ಆವೃತ್ತಿಯಲ್ಲಿ. ನಡುವಿನ ಹನ್ನೊಂದು ವರ್ಷ ಟರ್ಕಿಯ ಪ್ರೋಗ್ರಾಮರ್‌ಗಳು ತಮ್ಮ ಭಾಷೆಯ ಸೆಟ್ಟಿಂಗ್ ಹಾಕಲು ಹೆದರಬೇಕಿತ್ತು. ತಪ್ಪು ಟರ್ಕಿಶ್‌ನದಲ್ಲ. ಜನ ಓದುವ ಮಾತಿಗೂ ಯಂತ್ರ ಗುರುತಿಸುವ ಹೆಸರಿಗೂ ಒಂದೇ ನಿಯಮ ಹಚ್ಚಿದ್ದು ತಪ್ಪು. ಜಾವಾದವರು 2006ರಲ್ಲಿ, ಆವೃತ್ತಿ 6ರಲ್ಲಿ, ಯಾವ ಭಾಷೆಗೂ ಸೇರದ 'ರೂಟ್' ಲೊಕೇಲ್ ಕೊಟ್ಟದ್ದು ಇಂಥ ಹೆಸರುಗಳಿಗೆ ಒದಗುತ್ತದೆ.

2022ರ ಡಿಸೆಂಬರ್‌ನಲ್ಲಿ ಬಂದ ಪಿಎಚ್‌ಪಿ 8.2ರಲ್ಲಿ ಅಕ್ಷರ ಬದಲಿಸುವ ಸಾಮಾನ್ಯ ಫಂಕ್ಷನ್‌ಗಳು ಲೊಕೇಲ್ ನೋಡುವುದನ್ನೇ ಬಿಟ್ಟವು. ಯಂತ್ರದ ಹೆಸರುಗಳು ಈಗ ಸುರಕ್ಷಿತ. ಆದರೆ ಇಸ್ತಾನ್‌ಬುಲ್‌ನ ಮೊದಲಕ್ಷರವನ್ನು ಆ ಫಂಕ್ಷನ್‌ನಿಂದ ದೊಡ್ಡದು ಮಾಡಿಸಿದರೆ ಅದರ ಚುಕ್ಕೆ ಹಾರಿಹೋಗುತ್ತದೆ. ಊರಿನವರು ಅದಕ್ಕೆ ಬೇರೆ ದಾರಿ ಹುಡುಕಿಕೊಳ್ಳಬೇಕು.